ತಗಡಿನ ಶೆಡ್ಡಿನಲ್ಲಿ ಗ್ರಹಣ

ನನ್ನ ಅತ್ತೆ ವೀರಭದ್ರಮ್ಮನ ಜೊತೆ ಜಗಳ ಮಾಡಿ ಗೆದ್ದವರು ಕುರುಗೋಡಿನಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಆಸೆ ಬಿಟ್ಟಿರಲಿಲ್ಲ. ಆಕೆ ಒಂದು ಅಂದರೆ ನಾನು ಎರಡು ಅನ್ನುತ್ತಿದ್ದೆ. ಆಕೆ ಮೂರನೆಯದು ಅನ್ನದೆ ನನ್ನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿ ಎದ್ದು ಹೋಗುತ್ತಿದ್ದಳು. ಅದಕ್ಕೆ ಎದುರು ಮಾತು ಎಲ್ಲಿಂದ ತರುವುದು? ಶಾಲೆಯಲ್ಲಿ ನನ್ನ ನಾಲ್ಕನೇ ತರಗತಿಯ ಮಕ್ಕಳು ಗುರುಬಸಮ್ಮ ಟೀಚರ್ ಅಂದರೆ ನಡುಗುತ್ತಿದ್ದರು. ರಸ್ತೆ ದಾಟಿ ಎದುರಿನ ಮನೆಗೆ ಬಂದರೆ ಅದೇ ಗುರುಬಸಮ್ಮ ಟೀಚರು ಬಾಯಿ ಮುಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು.

ಸಾವಿರದ ಒಂಬೈನೂರ ಎಂಬತ್ತನೇ ಇಸವಿಯ ಮಾಘ ಅಮಾವಾಸ್ಯೆಯ ಸೂರ್ಯಗ್ರಹಣ ಬಂದಾಗ ನನಗೆ ಏಳು ತಿಂಗಳು. ಅದಕ್ಕೆ ಮುಂಚೆ ಎರಡು ಬಸಿರು ನಿಂತಿರಲಿಲ್ಲ. ಎರಡನೆಯದು ಹೋದಾಗ ಅತ್ತೆ ನನ್ನ ಎದುರು ಒಂದು ಹನಿ ಕಣ್ಣೀರು ಹಾಕಲಿಲ್ಲ, ಹಿತ್ತಲಿಗೆ ಹೋಗಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು. ನನ್ನ ಗಂಡ ಕೊಟ್ರಬಸಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಭಾನುವಾರ ಮಾತ್ರ ಬಸ್ಸು ಹತ್ತಿ ಬರುತ್ತಿದ್ದ. ಹಾಗಾಗಿ ಈ ಮೂರನೆಯ ಕೂಸನ್ನು ಹೊತ್ತವಳು ನಾನು, ಕಾಯುತ್ತಿದ್ದವಳು ಅತ್ತೆ. ನಾನು ಬಾವಿಗೆ ಹೋಗುವಂತಿಲ್ಲ, ಭಾರ ಎತ್ತುವಂತಿಲ್ಲ, ಸಂಜೆ ಬೇವಿನ ಮರದ ಕೆಳಗೆ ನಿಲ್ಲುವಂತಿಲ್ಲ. ನಾನು ಗೊಣಗುತ್ತಿದ್ದೆ, ಆದರೆ ಒಂದನ್ನೂ ಮೀರಿರಲಿಲ್ಲ. ಮೀರಲು ನನಗೂ ಧೈರ್ಯ ಇರಲಿಲ್ಲ.

ಗ್ರಹಣದ ಕೆಲಸ ಶುರುವಾದದ್ದು ನಮ್ಮ ಶಾಲೆಯ ತಗಡಿನ ಶೆಡ್ಡಿನಿಂದ. ನಾಲ್ಕನೇ ತರಗತಿಗೆ ಕೋಣೆ ಇರಲಿಲ್ಲ. ಅಂಗಳದಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿ, ಕಂಬ ನಿಲ್ಲಿಸಿ, ಮೇಲೆ ಹಳೆಯ ತಗಡು ಹೊದಿಸಿ ನಮಗೆ ಕೊಟ್ಟಿದ್ದರು. ತಗಡಿನ ತುಂಬ ಮೊಳೆಯ ತೂತು. ಮಳೆ ಬಂದರೆ ಮಕ್ಕಳ ಪಾಟಿ ತೊಳೆದು ಹೋಗುತ್ತಿತ್ತು, ಬಿಸಿಲು ಬಂದರೆ ನೆಲದ ತುಂಬ ರೂಪಾಯಿ ನಾಣ್ಯದಂಥ ಬೆಳಕಿನ ಚುಕ್ಕೆ. ಒಂದು ದಿನ ಭೂಮಿ, ಚಂದ್ರ, ಸೂರ್ಯ ಅಂತ ನಾನು ಬೋರ್ಡಿನ ಮೇಲೆ ಮೂರು ಸೊನ್ನೆ ಬರೆದು ಗಂಟಲು ಹರಿಯುವಂತೆ ಹೇಳುತ್ತಿದ್ದರೆ, ಗಾದೆಪ್ಪ ಅನ್ನುವ ಹುಡುಗ ಬೋರ್ಡು ಬಿಟ್ಟು ನೆಲ ನೋಡುತ್ತಿದ್ದ.

“ಅಕ್ಕೋರ, ತೂತು ಚೌಕ ಐತಿ, ಬೆಳಕು ಯಾಕ ದುಂಡಗ ಬೀಳತೈತಿ?” ಅಂದ.

ಎದ್ದು ನೋಡಿದೆ. ಖರೇನೇ, ಒಂದು ತೂತು ಹರಿದು ಚೌಕವಾಗಿತ್ತು, ಅದರ ಕೆಳಗಿನ ಚುಕ್ಕೆ ಮಾತ್ರ ದುಂಡಗೇ ಇತ್ತು. ಟ್ರೇನಿಂಗಿನಲ್ಲಿ ಓದಿದ್ದು ಆಗ ನೆನಪಾಯಿತು. ನೆಲದ ಮೇಲೆ ಬಿದ್ದದ್ದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಶೆಡ್ಡಿನ ನೆಲದ ತುಂಬ ಸೂರ್ಯನ ಮರಿಗಳು ಬಿದ್ದಿದ್ದವು, ನಾವು ಅವನ್ನು ತುಳಿದುಕೊಂಡು ಮಗ್ಗಿ ಹೇಳುತ್ತಿದ್ದೆವು. ಹಾಗಾದರೆ ಗ್ರಹಣದ ದಿನ ಇವೆಲ್ಲ ಒಟ್ಟಿಗೆ ಕುಡುಗೋಲಿನಂತೆ ಆಗಬೇಕು.

ಅಲ್ಲಿಂದ ನನಗೂ ಮಕ್ಕಳಿಗೂ ಹುಚ್ಚು ಹತ್ತಿತು. ಹಳೆಯ ಪಂಚೆಗಳನ್ನು ಬೇಡಿ ತಂದು ಒಂದಕ್ಕೊಂದು ಹೊಲಿದು ಶೆಡ್ಡಿನ ಉದ್ದಕ್ಕೆ ಹಾಸುವಂತೆ ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ತೂತು ಹಂಚಿದೆ. ಗ್ರಹಣ ಹಿಡಿದ ಮೇಲೆ ನಾನು ಚಪ್ಪಾಳೆ ಹೊಡೆದಾಗಲೆಲ್ಲ ತಮ್ಮ ತೂತಿನಿಂದ ಬಿದ್ದ ಸೂರ್ಯನ ಸುತ್ತ ಇದ್ದಿಲಿನಿಂದ ಗೆರೆ ಎಳೆಯಬೇಕು. ಹೊತ್ತು ಸರಿದ ಹಾಗೆ ಚುಕ್ಕೆಯೂ ಬಟ್ಟೆಯ ಮೇಲೆ ಸರಿಯುತ್ತದೆ, ಹಿಡಿದಾಗಿನಿಂದ ಬಿಡುವವರೆಗೆ ಸೂರ್ಯ ಕರಗಿ ತುಂಬಿದ್ದೆಲ್ಲ ಸಾಲಾಗಿ ಮೂಡುತ್ತದೆ. ಆಮೇಲೆ ಅರಿಶಿನ, ಕೆಮ್ಮಣ್ಣು, ಬಟ್ಟೆಗೆ ಹಾಕುವ ನೀಲಿ ಕಲಸಿ ಬಣ್ಣ ತುಂಬುವುದು. ಯಾರೂ ಆಕಾಶ ನೋಡಬೇಕಾಗಿಲ್ಲ. ನೋಡಬಾರದು ಕೂಡ. ರೇಡಿಯೋದಲ್ಲಿ ದಿನಾ ಹೇಳುತ್ತಿದ್ದರು, ಬರಿಗಣ್ಣಿನಲ್ಲಿ ನೋಡಿದರೆ ಕಣ್ಣು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಅಂತ. ನಾನು ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ.

ಅತ್ತೆಗೆ ಸುದ್ದಿ ಮುಟ್ಟದೆ ಇರುತ್ತದೆಯೇ. ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತವಳು ತಲೆ ಎತ್ತದೆ ಕೇಳಿದಳು.

“ಗ್ರಹಣದಾಗ ಗೆರಿ ಎಳೀತಿಯಂತ?”

“ನಾನಲ್ರಿ, ಮಕ್ಕಳು.”

“ನೀ ಅಲ್ಲಿರ್ತಿ.”

“ಇರಬೇಕಲ್ರಿ ಅತ್ತಿ, ನಾನು ಟೀಚರು.”

ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. “ಬಸರಿ ಹೆಂಗಸು ಗ್ರಹಣದಾಗ ಹೊರಗ ಬರಬಾರದು. ಕೊಯ್ಯಬಾರದು, ಹೊಲಿಬಾರದು, ಗೆರಿ ಎಳಿಬಾರದು. ಎಳೆದ ಗೆರಿ ಕೂಸಿನ ತುಟಿ ಮ್ಯಾಲೆ ಬರ್ತೈತಿ. ತುಟಿ ಸೀಳಿದ ಕೂಸಿಗೆ ಹಾಲು ಕುಡಿಯಾಕ ಬರೂದಿಲ್ಲ, ಯವ್ವಾ. ನಾ ಕಣ್ಣಾರೆ ನೋಡೀನಿ. ಹೋದಸಲ ಚಂದ್ರಗ್ರಹಣದಾಗ ನೀ ಕುಪ್ಪಸಕ್ಕ ಗುಂಡಿ ಹಚ್ಚಿದಿ. ಬ್ಯಾಡ ಅಂದೆ, ಕೇಳಲಿಲ್ಲ. ಮುಂದ ಏನಾತು, ನಾ ಬಾಯಿಬಿಟ್ಟು ಹೇಳೂದಿಲ್ಲ.”

ಹೇಳಿಯೇ ಬಿಟ್ಟಿದ್ದಳಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಗುಂಡಿ ಹಚ್ಚಿದ್ದಕ್ಕೆ ಬಸಿರು ಹೋಗುತ್ತದೆಯೇ ಅಂತ ಕೂಗಾಡಬೇಕು ಅಂದುಕೊಂಡೆ. ಆದರೆ ಆ ಮಾತು ಹೊಟ್ಟೆಯೊಳಗೆ ಇಳಿದು ಕೂತುಬಿಟ್ಟಿತು. ಸುಳ್ಳು ಅಂತ ಗೊತ್ತಿದ್ದರೂ ಹೆದರಿಕೆ ಆಗಬಾರದು ಅಂತ ಎಲ್ಲಿದೆ?

ಕೊನೆಗೆ ಒಂದು ರಾಜಿ ಆಯಿತು. ನಾನು ಆ ಹೊತ್ತು ಮನೆಯ ಒಳಕೋಣೆಯಲ್ಲಿ ಮಲಗಿರುವುದು, ಮಕ್ಕಳನ್ನು ದೊಡ್ಡ ಮಾಸ್ತರು ಉಜ್ಜಿನಪ್ಪನವರು ನೋಡಿಕೊಳ್ಳುವುದು. ಅವರು ಎದೆ ಉಬ್ಬಿಸಿ ಒಪ್ಪಿದರು. “ನೀವು ಆರಾಮ ಇರ್ರಿ ಟೀಚರ್. ರಾಹು ಕೇತುಗೆ ಅಂಜೋ ಮನುಷ್ಯಾ ಅಲ್ಲ ನಾನು” ಅಂದರು.

ಅವತ್ತು ಶನಿವಾರ. ಬೆಳಗಿನ ಶಾಲೆ ಮುಗಿಸಿ ಮಕ್ಕಳಿಗೆ ಉಂಡು ಬರಲು ಹೇಳಿ ಮನೆಗೆ ಬಂದೆ. ಹನ್ನೆರಡಾಗುತ್ತಲೇ ಊರು ಬಾಗಿಲು ಹಾಕಿಕೊಂಡಿತು. ಬಳ್ಳಾರಿ ಬಸ್ಸು ಖಾಲಿ ಬಂದು ಖಾಲಿ ಹೋಯಿತು. ಅತ್ತೆ ನೀರಿನ ಕೊಡಗಳಿಗೆ ಗರಿಕೆ ಹಾಕಿದಳು, ಪಡಸಾಲೆಯ ಕಿಟಕಿಗೆ ಕಂಬಳಿ ಕಟ್ಟಿದಳು, ನನ್ನನ್ನು ಒಳಗೆ ಅಂಗಾತ ಮಲಗಿಸಿ ಕೈಕಾಲು ಮಡಿಚಬೇಡ ಅಂದಳು. ಆಮೇಲೆ ಕೋಣೆಯ ಹೊಸ್ತಿಲಿಗೆ ಅಡ್ಡವಾಗಿ ಕೂತಳು. ಕತ್ತಲಲ್ಲಿ ಆಕೆ ಶಿವ ಶಿವ ಅನ್ನುವುದು ಕೇಳುತ್ತಿತ್ತು.

ಗ್ರಹಣ ಹಿಡಿದು ಸ್ವಲ್ಪ ಹೊತ್ತಾಗಿರಬೇಕು. ಯಾರೋ ಬಾಗಿಲು ಬಡಿದರು. ಅತ್ತೆ ಏಳಲಿಲ್ಲ. ಮತ್ತೆ ಬಡಿದರು.

“ಅಕ್ಕೋರ, ನಾನ್ರಿ, ಅಂಬಮ್ಮ.” ನನ್ನ ತರಗತಿಯ ಹುಡುಗಿ. “ದೊಡ್ಡ ಮಾಸ್ತರು ಹೋದರ್ರಿ. ಹೊಟ್ಟಿ ಕೆಟ್ಟೈತಂತ ಮನಿಗೆ ಹೋಗಿ ಚಿಲಕ ಹಾಕ್ಕೊಂಡಾರ. ಕರದ್ರ ಓ ಅನ್ನವಲ್ರು. ಗಾದೆಪ್ಪ ಹೊರಗ ನಿಂತು ಮ್ಯಾಲೆ ನೋಡಾಕ ಹೊಂಟಾನ್ರಿ, ಬೆರಳು ಸಂದ್ಯಾಗ ನೋಡಿದ್ರ ಏನೂ ಆಗೂದಿಲ್ಲಂತ. ಉಳಿದೋರೂ ಹೊರಗ ಬಂದಾರ.”

ನಾನು ಎದ್ದು ಕೂತೆ. ಅತ್ತೆ ಹೊಸ್ತಿಲಲ್ಲಿ ನಿಂತಳು.

“ಅವರನ್ನ ಮನಿಗೆ ಹೋಗ್ರಿ ಅನ್ನು” ಅಂತ ಬಾಗಿಲ ಕಡೆ ತಿರುಗಿ ಹುಡುಗಿಗೆ ಹೇಳಿದಳು.

“ಬ್ಯಾಡ” ಅಂತ ನಾನು ಚೀರಿದೆ. “ಅಂಬಮ್ಮ, ಎಲ್ಲಾರನ್ನೂ ಶೆಡ್ಡಿನ ಒಳಗ ಕರಿ. ತಲಿ ಬಗ್ಗಿಸಿ ಕುಂದ್ರಿಸು. ನಾ ಬಂದೆ ಅನ್ನು.” ಹುಡುಗಿ ಓಡಿದ್ದು ಕೇಳಿಸಿತು. “ಅತ್ತಿ, ಮನಿಗೆ ಕಳಿಸಿದ್ರ ದಾರಿ ತುಂಬ ಮ್ಯಾಲೆ ನೋಡ್ಕೊಂತ ಹೋಗ್ತಾವ್ರಿ. ಯಾರ ಮನಿ ಬಾಗಿಲೂ ತೆಗಿಯೂದಿಲ್ಲ. ಬಿಸಿಲಾಗ ನಿಂತು ಏನ್ ಮಾಡ್ತಾವ? ಒಂದು ಸಲ ನೋಡಿದ್ರ ಸಾಕು, ಜನ್ಮ ಪೂರ್ತಿ ಕುರುಡು. ಗೆರಿ ಎಳೆಯೋ ಕೆಲಸ ಇದ್ರ ಮಾತ್ರ ಅವು ತಲಿ ಕೆಳಗ ಹಾಕ್ತಾವ. ನಾ ಕರದೀನಿ ಅವರನ್ನ, ನಾ ಹೋಗಬೇಕು.”

“ನಾ ಹೋಗ್ತೀನಿ.”

“ನಿಮ್ಮ ಮಾತು ಕೇಳೂದಿಲ್ರಿ ಅವು. ಯಾವ ತೂತು ಯಾರದು ಅನ್ನೂದೂ ನಿಮಗ ಗೊತ್ತಿಲ್ಲ.”

ಆಕೆ ಕದಲಲಿಲ್ಲ. ನನಗೆ ಬೇರೆ ದಾರಿ ಕಾಣದೆ ಧರ್ಮಕ್ಕೇ ಕೈ ಹಾಕಿದೆ. “ಲಿಂಗ ಕಟ್ಟಿಕೊಂಡೋರಿಗೆ ಗ್ರಹಣದ ಸೂತಕ ಇಲ್ಲಂತ ಮಠದ ಅಯ್ಯನೋರೇ ಹೇಳ್ಯಾರಲ್ರಿ. ನೀವೂ ಕೇಳೀರಿ.”

“ಕೇಳೀನಿ” ಅಂದಳು ಅತ್ತೆ. “ನನಗಿಲ್ಲ. ನಿನಗೂ ಇಲ್ಲ. ನಿನ್ನ ಹೊಟ್ಟ್ಯಾಗಿನ ಕೂಸಿಗೆ ಲಿಂಗ ಎಲ್ಲಿ ಐತಿ?”

ಎಂಟು ತಿಂಗಳು ತುಂಬಿದ ಮೇಲೆ ಅಯ್ಯನವರು ಮನೆಗೆ ಬಂದು ಬಸಿರಿನೊಳಗಿನ ಕೂಸಿಗೆ ಲಿಂಗ ಕಟ್ಟುವುದು ನಮ್ಮ ಮನೆತನದ ನಡಾವಳಿ. ನನಗೆ ಏಳು. ಆಕೆಯ ಲೆಕ್ಕದಲ್ಲಿ ಊರಿನಲ್ಲೆಲ್ಲ ಗ್ರಹಣಕ್ಕೆ ಸಿಗುವ ಒಂದು ಜೀವ ಅಂದರೆ ಅದೇ. ಹೊರಗಿನಿಂದ ಮಕ್ಕಳ ಕೂಗು ಕೇಳಿತು, ಹೋ ಅಂತ, ಏನನ್ನೋ ನೋಡಿದ ಕೂಗು. ನಾನು ಅತ್ತೆಯ ಭುಜ ಹಿಡಿದು ಸರಿಸಲು ನೋಡಿದೆ. ಅತ್ತೆಯ ಮೈಮೇಲೆ ನಾನು ಕೈ ಹಾಕಿದ್ದು ಅದೊಂದೇ ಸಲ.

ಆಕೆ ನನ್ನ ಕೈ ಬಿಡಿಸಲಿಲ್ಲ. ಸೆರಗು ಸರಿಸಿ, ಕೊರಳಿನಿಂದ ತನ್ನ ಶಿವದಾರ ತೆಗೆದಳು. ದಾರದ ತುದಿಯಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಆಕೆಯ ಲಿಂಗ. ಹುಟ್ಟಿದಾಗ ಕಟ್ಟಿದ್ದು. ಸ್ನಾನದಲ್ಲಿ, ಹೆರಿಗೆಯಲ್ಲಿ, ಮಾವ ತೀರಿದ ದಿನ, ಯಾವತ್ತೂ ಮೈ ಬಿಟ್ಟದ್ದಲ್ಲ. ಪ್ರಾಣ ಬಿಟ್ಟರೂ ಲಿಂಗ ಬಿಡಬಾರದು ಅಂತ ಬೆಳೆದ ಹೆಂಗಸು. ಲಿಂಗ ಮೈಮೇಲೆ ಇಲ್ಲದಾಗ ಅನ್ನ ನೀರು ಹಾಗಿರಲಿ, ಬಾಯಿಯ ಉಗುಳನ್ನೂ ನುಂಗುವಂತಿಲ್ಲ.

“ಅತ್ತಿ, ಏನ್ ಮಾಡಾಕತ್ತೀರಿ?”

“ಮ್ಯಾಲೆ ಕೈ ಎತ್ತು.”

ನನ್ನ ಹೊಟ್ಟೆಯ ಸುತ್ತ ದಾರ ತಂದು, ಕರಡಿಗೆ ಸರಿಯಾಗಿ ಹೊಕ್ಕುಳ ಮೇಲೆ ಬರುವಂತೆ ಬಿಗಿದು ಗಂಟು ಹಾಕಿದಳು. ಕರಡಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಏನೋ ಅಂದಳು, ನನಗೆ ಕೇಳಲಿಲ್ಲ. ಆಮೇಲೆ ದಾರಿ ಬಿಟ್ಟಳು.

“ನಡಿ. ಬಿದ್ದುಗಿದ್ದೀ, ಮೆಲ್ಲಕ ಹೋಗು.”

ಅಷ್ಟೇ. ಆಮೇಲೆ ತಾನೇ ಹೋಗಿ ಬಾಗಿಲು ತೆಗೆದಳು.

ರಸ್ತೆಗೆ ಬಂದೆ. ಬಿಸಿಲು ಇತ್ತು, ಆದರೆ ಬಿಸಿಲಿನ ಜೀವ ಹೋಗಿತ್ತು. ನನ್ನ ನೆರಳಿನ ಅಂಚು ಒಂದು ಕಡೆ ಚಾಕುವಿನಂತೆ ಚೂಪಾಗಿತ್ತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಹೋಗು ಅಂದದ್ದನ್ನು ಮರೆತು ನಡೆದೆ. ಅಂಬಮ್ಮ ಅರ್ಧ ಮಕ್ಕಳನ್ನು ಒಳಗೆ ಎಳೆದಿದ್ದಳು. ಗಾದೆಪ್ಪ ಮಾತ್ರ ಅಂಗಳದ ನಡುವೆ ಸೂರ್ಯನ ಕಡೆ ಮುಖ ಮಾಡಿ, ಮುಖದ ಮುಂದೆ ಎರಡೂ ಕೈ ಹಿಡಿದು, ಬೆರಳು ಬಿಡಿಸುವುದರಲ್ಲಿದ್ದ. ಹಿಂದಿನಿಂದ ಹೋಗಿ ಅವನ ತಲೆಯನ್ನು ನನ್ನ ಸೆರಗಿನಲ್ಲಿ ಮುಚ್ಚಿ ಎದೆಗೆ ಒತ್ತಿಕೊಂಡೆ.

“ನೋಡಿದೇನಲೇ? ಖರೆ ಹೇಳು.”

“ಇಲ್ರಿ ಅಕ್ಕೋರ. ನೋಡವನಿದ್ದೆ.” ಸೆರಗಿನೊಳಗಿಂದ ದನಿ ಬಂತು.

“ಹಂಗಾದ್ರ ಹೋ ಅಂದವರ್ಯಾರು?”

“ನೆಲದ ಮ್ಯಾಲಿನ ಸೂರ್ಯಾ ಅರ್ಧ ಆದುವ್ರಿ, ಅದಕ್ಕ ಅಂದ್ರು.”

ನನಗೆ ಅಳು ಬಂತು. ಬೈಯಲೂ ಆಗಲಿಲ್ಲ. ಹಾಗೇ ಅವನನ್ನು ತಳ್ಳಿಕೊಂಡು ಶೆಡ್ಡಿಗೆ ಬಂದೆ.

ಬಟ್ಟೆ ಹಾಸಿತ್ತು. ಅದರ ತುಂಬ ಸೂರ್ಯರು ಬಾಗಿ ಬಿದ್ದಿದ್ದರು, ಎಲ್ಲ ಒಂದೇ ಕಡೆ ಕಚ್ಚಿಸಿಕೊಂಡವರು. ನಾನು ಚಪ್ಪಾಳೆ ಹೊಡೆದೆ. ಮಕ್ಕಳು ಮೊಣಕಾಲೂರಿ ಇದ್ದಿಲು ಹಿಡಿದರು. ಒಂದು ಸಲ ಎಳೆದರು, ಎರಡು ಸಲ ಎಳೆದರು. ನಾನು ಶೆಡ್ಡಿನ ಕಂಬಕ್ಕೆ ಒರಗಿ ನಿಂತಿದ್ದೆ. ನಾನು ಗೆರೆ ಎಳೆಯುವುದಿಲ್ಲ, ನಿಂತಿರುತ್ತೇನೆ ಅಷ್ಟೇ ಅಂತ ಮನಸ್ಸಿನಲ್ಲೇ ಅತ್ತೆಗೆ ಹೇಳಿಕೊಳ್ಳುತ್ತಿದ್ದೆ. ಬೆಳಕಿನ ಕುಡುಗೋಲುಗಳು ಸಣ್ಣಗಾಗುತ್ತ ಹೋದವು. ಆಮೇಲೆ ಹಠಾತ್ತನೆ ಗಾಳಿ ತಣ್ಣಗಾಯಿತು. ಕಾಗೆಗಳು ಗುಡ್ಡದ ಕಡೆಗೆ ಹೊರಟವು. ಎಲ್ಲೋ ನಾಯಿ ಊಳಿಟ್ಟಿತು. ಮಕ್ಕಳ ಕೈ ನಿಂತಿತು.

“ಅಕ್ಕೋರ, ಕತ್ತಲಾಗಾಕತ್ತೈತಿ” ಅಂತ ಒಬ್ಬಳು ಅಳಲು ಶುರು ಮಾಡಿದಳು. ಒಬ್ಬ ಎದ್ದ. ಅವನನ್ನು ನೋಡಿ ನಾಲ್ಕು ಜನ ಎದ್ದರು. ಗೋಡೆ ದಾಟಿದರೆ ಅಂಗಳ, ಅಂಗಳದ ಮೇಲೆ ಆಕಾಶ. ಈಗ ಒಬ್ಬ ಓಡಿದರೆ ಎಲ್ಲ ಓಡುತ್ತಾರೆ, ಓಡಿದವರು ಮೇಲೆ ನೋಡದೆ ಇರುವುದಿಲ್ಲ. ಎಷ್ಟು ಬೈದರೂ ಅವರ ಕಿವಿಗೆ ಹೋಗುತ್ತಿರಲಿಲ್ಲ. ನಾನು ಅಳುವ ಹುಡುಗಿಯ ಕೈಯಿಂದ ಇದ್ದಿಲು ತೆಗೆದುಕೊಂಡು ಬಟ್ಟೆಯ ಮೇಲೆ ಕೂತೆ.

ಕೂತಾಗ ಕೂಸು ಒದ್ದಿತು. ಬೆಳ್ಳಿಯ ಕರಡಿಗೆ ಹೊಟ್ಟೆಗೆ ಒತ್ತಿತು. ಇದ್ದಿಲು ಬಟ್ಟೆಯ ಮೇಲೆ ಇಟ್ಟ ನನ್ನ ಕೈ ಮುಂದೆ ಹೋಗಲೊಲ್ಲದು. ಸೂರ್ಯ ಎಷ್ಟು ದೂರ, ಚಂದ್ರ ಎಷ್ಟು ದೊಡ್ಡವನು, ಎಲ್ಲ ಬಲ್ಲ ನಾನು, ಒಂದು ಗೆರೆಗೆ ಹೆದರಿ ಬೆವರುತ್ತಿದ್ದೆ. ಪುಟ್ಟದೊಂದು ತುಟಿ ಕಣ್ಣ ಮುಂದೆ ಬಂದು ನಿಂತಿತು. ಶಿವನೇ, ಅಂದೆ. ಎಳೆದೆ.

“ಬರ್ರಿ ಇಲ್ಲಿ, ನೋಡ್ರಿ” ಅಂದೆ. “ನನ್ನ ಸೂರ್ಯಾ ಎಷ್ಟು ತೆಳ್ಳಗಾದ, ಉಗುರಿನಷ್ಟು. ಯಾರದು ಇದಕ್ಕಿಂತ ತೆಳ್ಳಗೈತಿ?”

“ನಂದು” ಅಂದ ಗಾದೆಪ್ಪ.

“ಸುಳ್ಳು. ಎಳೆದು ತೋರಿಸು.”

ಎದ್ದವರು ಕೂತರು. ನಾನು ಎಳೆದೆ, ಅವರು ಎಳೆದರು, ಮತ್ತೆ ನಾನು ಎಳೆದೆ. ಬೆಳಕು ಕೂದಲೆಳೆಯಷ್ಟಾಯಿತು. ಪೂರ್ತಿ ಮುಚ್ಚಿತೋ ಇಲ್ಲವೋ ಆಮೇಲೆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ಹೇಳಲಾರೆ. ನಾನು ನೋಡುತ್ತಿದ್ದದ್ದು ಬಟ್ಟೆಯ ಮೇಲೆ ಬಾಗಿದ ತಲೆಗಳನ್ನು. ಒಂದು ತಲೆಯೂ ಮೇಲೆ ಏಳಲಿಲ್ಲ. ನಿಧಾನಕ್ಕೆ ಕುಡುಗೋಲುಗಳು ಇನ್ನೊಂದು ಕಡೆ ತಿರುಗಿ ತುಂಬಿಕೊಳ್ಳತೊಡಗಿದವು. ಹುಂಜವೊಂದು ಬೆಳಗಾಯಿತು ಅಂತ ಕೂಗಿತು, ಮಕ್ಕಳು ನಕ್ಕರು. ಸೂರ್ಯರೆಲ್ಲ ಮತ್ತೆ ದುಂಡಗಾಗುವವರೆಗೆ ನಾನು ಒಬ್ಬರನ್ನೂ ಏಳಲು ಬಿಡಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಒಂದು ಮಣ್ಣಿನ ಮುಚ್ಚಳ, ಉಗುಳಿದ್ದಕ್ಕೆ. ತುಟಿ ಒಣಗಿ ಬಿರುಕು ಬಿಟ್ಟಿದ್ದವು, ಮುಖ ಬೂದಿಯಂತೆ ಬಿಳುಪೇರಿತ್ತು. ಕೊರಳು ಬರಿದಾಗಿತ್ತು. ಆ ಕೊರಳನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ. ಅವಸರದಿಂದ ಗಂಟು ಬಿಚ್ಚಲು ಹೋದೆ. ಆಕೆ ಕೈ ಅಡ್ಡ ತಂದು, ಮೊದಲು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಾದಳು. ಕೂಸು ಅಲುಗಿತು. ಆಮೇಲೆ ತಾನೇ ಗಂಟು ಬಿಚ್ಚಿ, ನೀರು ತರಿಸಿ, ತೊಳೆದು, ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಳು. ಒಂದು ತಂಬಿಗೆ ನೀರು ಗಟಗಟ ಕುಡಿದಳು.

“ಅತ್ತಿ, ಗೆರಿ ನಾನೂ ಎಳದೆ” ಅಂದೆ. ಮುಚ್ಚಿಡಲು ಮನಸ್ಸಾಗಲಿಲ್ಲ.

“ನೀ ಎಳೀದೆ ಬಿಡಾಕಿ ಅಲ್ಲ ಅಂತ ಗೊತ್ತಿತ್ತು. ಇಲ್ಲದಿದ್ರ ನಾ ಕೊರಳಾಗಿನ ಲಿಂಗ ಯಾಕ ಬಿಚ್ಚತಿದ್ದೆ?” ಅಂದಳು. “ಹುಡುಗರ ಕಣ್ಣು?”

“ಎಲ್ಲಾರದೂ ನೆಟ್ಟಗ ಅದಾವ.”

“ಹೂಂ” ಅಂದು ಒಲೆ ಹಚ್ಚಲು ಹೋದಳು.

ಎಂಟು ತುಂಬಿದಾಗ ಮಠದ ಅಯ್ಯನವರು ಬಂದರು. ಅವರ ಕಿವಿಗೆ ಯಾರೋ ಹಾಕಿದ್ದರು. ಪೂಜೆಗೆ ಕೂರುವ ಮುಂಚೆ ಅತ್ತೆಯನ್ನು ನಿಲ್ಲಿಸಿ ಕೇಳಿದರು. “ಏನವ್ವಾ ವೀರಭದ್ರಮ್ಮ, ಪ್ರಾಣ ಹೋದ್ರೂ ಲಿಂಗ ಮೈ ಬಿಡಬಾರದು ಅನ್ನೂದು ನಿನಗ ಗೊತ್ತಿಲ್ಲದ ಮಾತೇನು? ಇಷ್ಟು ವರ್ಷ ಕಟ್ಟಿಕೊಂಡು ಏನ್ ಕಲತಿ?”

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತ ನಿಂತಿದ್ದಳು. “ತಪ್ಪಾಗೇತ್ರಿ ಅಯ್ಯಾರ. ನೀವು ಏನ್ ಹೇಳ್ತೀರಿ ಆ ಪ್ರಾಯಶ್ಚಿತ್ತ ಮಾಡ್ಕೊಂತೀನಿ” ಅಂದಳು. “ಆದ್ರ ಪ್ರಾಣ ಎಲ್ಲಿತ್ತೋ ಅಲ್ಲೇ ಕಟ್ಟಿದ್ದೆ ನಾನು” ಅಂದಳು.

ಅಯ್ಯನವರು ಮಣೆ ಹಾಕಲು ಹೇಳಿದರು.

ಬೇಸಿಗೆಯಲ್ಲಿ ನೋವು ಬಂತು. ಬಳ್ಳಾರಿಯ ಆಸ್ಪತ್ರೆಗೆ ಹೋದೆವು. ಕೂಸು ಅತ್ತದ್ದು ಕೇಳಿತು. ನರ್ಸು ಹೆಣ್ಣು ಅಂದಳು. ಕೂಸಿನ ಮುಖ ನೋಡಲು ಹೆದರಿ ನಾನು ಕಣ್ಣು ಮುಚ್ಚಿ, ಗೋಡೆಗೆ ತಿರುಗಿ ಮಲಗಿದ್ದೆ. ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು ಗ್ರಹಣ ಅಂದರೆ ಬರೀ ನೆರಳು ಅಂತ ಹೇಳಿದವಳು ನಾನೇ. ಅದು ಆಗಲೂ ನಿಜವಾಗಿತ್ತು, ನನಗೆ ಗೊತ್ತೂ ಇತ್ತು. ನರ್ಸು ಕೂಸನ್ನು ಹೊರಗೆ ನಿಂತಿದ್ದ ಅತ್ತೆಯ ಕೈಗೆ ಕೊಟ್ಟಳು. ಆಮೇಲೆ ಹೆಜ್ಜೆಯ ಸದ್ದು ನನ್ನ ಮಂಚದ ಹತ್ತಿರ ಬಂತು. ಅತ್ತೆ ಅಳುತ್ತಿದ್ದಳು. ಆಕೆಯ ಅಳು ಹೇಗಿರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ತುಟಿ ಚೊಲೋ ಐತಿ, ಗುರುಬಸಮ್ಮ” ಅಂದಳು. “ಬೆರಳು ಇಟ್ಟು ನೋಡೀನಿ.”

ಆ ಮಾತು ಕಿವಿಗೆ ಬಿದ್ದ ಮೇಲೆಯೇ ನಾನು ಕಣ್ಣು ತೆರೆದೆ.